ಗೂಡು ಖಾಲಿಯಿದ್ದಾಗ ಉರುಳುವ ಮರ

ಕರಾವಳಿಯಲ್ಲಿ ಗರುಡನನ್ನು ಗುರುತಿಸದವರು ವಿರಳ. ಅದೇ ಬಾನಿನಲ್ಲಿ ಹಾರುವ, ಅದಕ್ಕಿಂತ ಬಹಳ ದೊಡ್ಡದಾದ ಬಿಳಿಹೊಟ್ಟೆಯ ಕಡಲಹದ್ದನ್ನು ಮಾತ್ರ ಹಲವರು ಗರುಡವೆಂದೇ ಭಾವಿಸುವುದುಂಟು. ಗರುಡನ ಬೆನ್ನು ಕೆಂಗಂದು, ಕಡಲಹದ್ದಿನದು ಬೂದು. ಇದರ ತಲೆ, ಕತ್ತು, ಎದೆ, ಹೊಟ್ಟೆಗಳು ಅಚ್ಚ ಬಿಳಿ. ಬಾಲ ಗಿಡ್ಡ, ಬೆಣೆಯಾಕಾರದ್ದು. ಬಿಚ್ಚಿದ ರೆಕ್ಕೆಗಳ ಹರವು ಸುಮಾರು 2 ಮೀಟರ್. ಮರಿಹಕ್ಕಿ ಕಂದು ಬಣ್ಣದ್ದಾಗಿದ್ದು, ಈ ಬಿಳುಪು ಪಡೆಯಲು ಅದಕ್ಕೆ ನಾಲ್ಕೈದು ವರ್ಷಗಳೇ ಬೇಕು.

ಮೀನು ಮತ್ತು ಕಡಲಹಾವು ಇದರ ಮುಖ್ಯ ಆಹಾರ. ಹಾಗೆಂದು ಇದರ ನೆಲೆಯೂ ಕಡಲೇ ಎಂದುಕೊಳ್ಳುವುದು ತಪ್ಪು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಇವು ನೆಲೆಸಿದ್ದುದನ್ನು ಎ.ಓ. ಹ್ಯೂಮ್ 19ನೇ ಶತಮಾನದಲ್ಲೇ ದಾಖಲಿಸಿದ್ದರು. ಆದರೆ ದಡದ ಜೋಡಿಗಳಿಗೆ ಬೇಕಾದದ್ದು ನೀರಿಗೆ ಸಮೀಪದ ಎತ್ತರದ ಮರ: ಮಾವು, ಅರಳಿ, ಗಾಳಿಮರ. ಕಡ್ಡಿಗಳಿಂದ ಕಟ್ಟಿದ ಗೂಡನ್ನು ವರ್ಷವರ್ಷವೂ ದುರಸ್ತಿ ಮಾಡಿಕೊಂಡು ಅದೇ ಮರಕ್ಕೆ ಮರಳುತ್ತವೆ. ಇಡುವುದು ಸಾಮಾನ್ಯವಾಗಿ ಎರಡು ಮೊಟ್ಟೆ. ಹಲವು ವೇಳೆ ಬದುಕಿ ಹಾರುವುದು ಒಂದೇ ಮರಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಈ ಹದ್ದಿಗೆ ಸ್ಥಾನವಿದೆ. ಅದರ ಮೊಟ್ಟೆಗೆ, ಗೂಡಿಗೆ ಕೈಹಚ್ಚುವುದು ಅಪರಾಧ. ಆದರೆ ಮರಿ ಹಾರಿಹೋದ ಮೇಲೆ ತಿಂಗಳುಗಟ್ಟಲೆ ಗೂಡು ಖಾಲಿ. ನೋಡಿದವರಿಗೆ ಅದು ತೊರೆದ ಗೂಡು. ಇತ್ತ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಗಾಳಿಮರವನ್ನು ಅನುಮತಿಯ ನಿರ್ಬಂಧದಿಂದ ಹೊರಗಿಟ್ಟಿದೆ. ಹಕ್ಕಿಗೆ ಕಾನೂನಿದೆ, ಅದು ಕೂರುವ ಮರಕ್ಕಿಲ್ಲ. ಅಕ್ಟೋಬರಿನಲ್ಲಿ ಮರಳುವ ಜೋಡಿಗೆ ಸಿಗುವುದು ಬರಿಯ ಬೊಡ್ಡೆ.

ಇದಕ್ಕೆ ಬೆಳೆಗಾರನನ್ನು ದೂರಿ ಫಲವಿಲ್ಲ. ಗಾಳಿಮರ ಅವನ ಪಾಲಿಗೆ ಬೆಳೆ, ಕಷ್ಟಕಾಲದ ಗಂಟು. ಹದ್ದು ಆರಿಸುವುದೋ ತೋಪಿನ ಅತಿ ಎತ್ತರದ, ಎಂದರೆ ಒಳ್ಳೆಯ ಬೆಲೆ ತರುವ ಮರವನ್ನೇ! ನೆರೆಯ ಮಹಾರಾಷ್ಟ್ರದಲ್ಲಿ ಚಿಪ್ಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯು ಕೊಂಕಣ ತೀರದ ಊರೂರು ಅಲೆದು ಗೂಡುಗಳನ್ನು ದಾಖಲಿಸಿತು. ಇಲ್ಲಿ ಅಂಥ ಕೆಲಸಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಗೂಡಿರುವ ಒಂದೊಂದು ಮರವೂ ಅದರಲ್ಲಿ ಸರ್ವೆ ನಂಬರಿನೊಂದಿಗೆ ನಮೂದಾಗಲಿ. ಕಡಿಯದೆ ಉಳಿಸಿದ ಮರದ ಪೇಟೆಬೆಲೆಯನ್ನು ಅರಣ್ಯ ಇಲಾಖೆ ಮಾಲೀಕನಿಗೆ ತುಂಬಿಕೊಡಲಿ. ಮಲೆನಾಡಿನಿಂದಿಳಿದ ಶರಾವತಿ, ಅಘನಾಶಿನಿಗಳ ಅಳಿವೆಗಳಲ್ಲಾದರೂ ಈ ಕೆಲಸ ಬರುವ ಅಕ್ಟೋಬರಿನೊಳಗೆ ಮುಗಿಯಬೇಕು.