ಯಂತ್ರ ನಮ್ಮದು, ಬೀಗ ಯಾರದು?

ಬೆವರು ಸುರಿಸಿದ ದುಡ್ಡಿನಲ್ಲಿ ಕಂಪ್ಯೂಟರ್ ಕೊಳ್ಳುತ್ತೇವೆ. ಯಂತ್ರ ನಮ್ಮದು, ಕರೆಂಟ್ ಬಿಲ್ಲೂ ನಮ್ಮದು. ಆದರೆ ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಂ ಓಡಬೇಕೆಂದು ಅಪ್ಪಣೆ ಕೊಡುವವರು ಯಾರು? ಕನ್ನಡದ ಯುವಕರೇ, ಈ ಪ್ರಶ್ನೆಯನ್ನು ಇಂದೇ ಕೇಳಿಕೊಳ್ಳಬೇಕಾಗಿದೆ.

ಅಮೆರಿಕದಲ್ಲಿ ಇದು ಕೋರ್ಟಿನ ಮೆಟ್ಟಿಲೇರಿತ್ತು. 2008ರಲ್ಲಿ ಫ್ಲಾರಿಡಾದ ಸೈಸ್ಟಾರ್ ಎಂಬ ಸಣ್ಣ ಕಂಪನಿ ಮಾರುಕಟ್ಟೆಯ ಬಿಡಿಭಾಗಗಳಿಂದ ಕಂಪ್ಯೂಟರ್ ಜೋಡಿಸಿ, ಅದಕ್ಕೆ ಆಪಲ್‌ನ ಮ್ಯಾಕ್ ಆಪರೇಟಿಂಗ್ ಸಿಸ್ಟಂ ಹಾಕಿ ಮಾರತೊಡಗಿತು. ಆಪಲ್ ದಾವೆ ಹೂಡಿತು. 2009ರಲ್ಲಿ ಸೈಸ್ಟಾರ್‌ಗೆ ನಿಷೇಧಾಜ್ಞೆ ಬಿತ್ತು. 2011ರ ಮೇಲ್ಮನವಿಯಲ್ಲೂ ಆಪಲ್ಲೇ ಗೆದ್ದಿತು. ಕಾರಣ ಸರಳ: ಆಪಲ್ ಮಾರುವುದು ತಂತ್ರಾಂಶವನ್ನಲ್ಲ, ಬಳಸುವ ಪರವಾನಗಿಯನ್ನು. ಆ ಪರವಾನಗಿ ಆಪಲ್ ಯಂತ್ರಕ್ಕೆ ಮಾತ್ರ.

ಅದು ಅಮೆರಿಕದ ಜಗಳ, ನಮಗೇನು ಎನ್ನಬೇಡಿ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರಿನ ಡಿಟಿಪಿ ಅಂಗಡಿಗೂ ಇದೇ ನಿಯಮ. ಹೊಸ ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಆ ಯಂತ್ರಕ್ಕೇ ಕಟ್ಟುಬಿದ್ದದ್ದು. ಯಂತ್ರ ಕೆಟ್ಟರೆ ಅದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಇನ್ನು ಕಳ್ಳಪ್ರತಿಯೋ? ಗೊತ್ತಿದ್ದೂ ವ್ಯಾಪಾರಕ್ಕೆ ಬಳಸಿದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಎಚ್ಚರ!

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಎಷ್ಟೋ ಹಳೆಯ ಕಂಪ್ಯೂಟರ್‌ಗಳಿಗೆ ಆ ಯೋಗ್ಯತೆ ಇಲ್ಲವಂತೆ! ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಬೇಕೇ? ಶಾಲೆಗಳು ಮತ್ತೆ ಹೊಸದು ಕೊಳ್ಳಬೇಕೇ? ಆ ದುಡ್ಡು ಯಾರದು?

ಕಳ್ಳತನವೂ ಬೇಡ, ಗುಲಾಮಗಿರಿಯೂ ಬೇಡ. ಕಾನೂನು ಒಪ್ಪುವ ದಾರಿಯೊಂದಿದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಯಾವ ಕಂಪನಿಯ ಯಂತ್ರಕ್ಕೂ ಕಟ್ಟುಬಿದ್ದಿಲ್ಲ. ಡೆಲ್ ಇರಲಿ, ಎಚ್‌ಪಿ ಇರಲಿ, ಹುಬ್ಬಳ್ಳಿಯಲ್ಲಿ ಜೋಡಿಸಿದ ಡಬ್ಬಿಯೇ ಇರಲಿ, ಹಾಕಿಕೊಳ್ಳಬಹುದು, ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಅದರ ಪರವಾನಗಿಯೇ ಈ ಹಕ್ಕನ್ನು ಕೊಡುತ್ತದೆ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ಅದರಲ್ಲಿದೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳೂ ಪುಕ್ಕಟೆ ಸಿಗುತ್ತವೆ. ನೆರೆಯ ಕೇರಳ ತನ್ನ ಸರಕಾರಿ ಶಾಲೆಗಳನ್ನು ಎಂದೋ ಇದೇ ದಾರಿಗೆ ತಂದಿತು. ನಾವು?

ತೊಡಕೇ ಇಲ್ಲವೆಂದಲ್ಲ. ಪೇಜ್‌ಮೇಕರ್ ಲಿನಕ್ಸ್‌ಗೆ ಬಂದೇ ಇಲ್ಲ. ಅದಿಲ್ಲದೆ ಕೆಲಸ ನಡೆಯದ ಅಂಗಡಿ ಒಂದು ಯಂತ್ರದಲ್ಲಿ ಅಸಲಿ ವಿಂಡೋಸ್ ಇಟ್ಟುಕೊಳ್ಳಲಿ. ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಶ್ರಮವೂ ಇದೆ. ಆದರೆ ಆ ಶ್ರಮ ಒಮ್ಮೆ ಪಟ್ಟರೆ ನಮ್ಮ ಕನ್ನಡ ಯಾವ ಕಂಪನಿಯ ಬೀಗದೊಳಗೂ ಸಿಕ್ಕಿಕೊಳ್ಳುವುದಿಲ್ಲ.

ಈ ನಾಲ್ಕು ಊರುಗಳಿಂದ ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಕಲಿತ ಗೆಳೆಯರೇ, ಈ ಕೆಲಸ ನಿಮ್ಮದು. ಮುಂದಿನ ಸಲ ಊರಿಗೆ ಬರುವಾಗ ಪೆನ್‌ಡ್ರೈವಿನಲ್ಲಿ ಲಿನಕ್ಸ್ ತನ್ನಿ. ನೀವು ಓದಿದ ಶಾಲೆಯ ಮೂಲೆಯಲ್ಲಿ ಧೂಳು ಹಿಡಿದ ಯಂತ್ರವಿದ್ದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಅದಕ್ಕೆ ಜೀವ ಕೊಡಿ. ಕಗಪದಲ್ಲಿ ಮಕ್ಕಳು ತಮ್ಮ ಹೆಸರು ಒತ್ತುವವರೆಗೂ ಜೊತೆಗಿರಿ. ಕೊಳ್ಳುವವರು ಬಿಲ್ಲಿನಲ್ಲಿ ಪರವಾನಗಿಯ ವಿವರ ಕೇಳಿ.

ಸರಕಾರಕ್ಕೂ ನಮ್ಮದೊಂದು ಆಗ್ರಹ. ಕನ್ನಡ ಶಾಲೆಗೆ ಕೊಳ್ಳುವ ಪ್ರತಿ ಕಂಪ್ಯೂಟರಿನ ಟೆಂಡರಿನಲ್ಲಿ ಎರಡು ಷರತ್ತು ಇರಲಿ: ಮುಕ್ತ ಆಪರೇಟಿಂಗ್ ಸಿಸ್ಟಂ ಓಡಬೇಕು, ತೆರೆದೊಡನೆ ಕನ್ನಡ ಕಾಣಬೇಕು. ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ವರದಿಯ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಆ ಸ್ಥಾನ ಕಂಪ್ಯೂಟರಿನಲ್ಲೂ ಬೇಕು. ಕೇಳದೆ ಯಾರೂ ಕೊಡುವುದಿಲ್ಲ!