ಪ್ರಮೀಲೆಯ ಕುದುರೆಯೂ ಮಲೆನಾಡಿನ ಆನೆಯೂ

ಅದ್ಭುತ ಕಥೆಗಳೆಂದರೆ ಎಳೆಯರಿಗೆ ಎಷ್ಟು ಉತ್ಸಾಹವೋ ಹಿರಿಯರಿಗೆ ಅಷ್ಟೇ ಅನುಮಾನ. ಹೆಣ್ಣೊಬ್ಬಳು ಘೋರ ಮೃಗಗಳ ನಡುವೆ ಪಂದ್ಯಕ್ಕೆ ಹೊರಡುವ ಕಾದಂಬರಿಯನ್ನು ಮಗಳು ಊಟದ ಹೊತ್ತಿನಲ್ಲಿಯೂ ಕೈಬಿಡದೆ ಓದುತ್ತಿದ್ದರೆ, ಇದೆಲ್ಲ ಪರದೇಶದ ಹುಚ್ಚು, ಇಂಥದು ಕನ್ನಡದಲ್ಲಿ ಎಂದೂ ಇರಲಿಲ್ಲವೆಂದು ತಂದೆ ಗೊಣಗುವುದುಂಟು. ಆ ಗೊಣಗಾಟದಲ್ಲಿ ಅರ್ಧ ಸತ್ಯವೂ ಇಲ್ಲ. ಪಂದ್ಯವೆಂಬ ಏರ್ಪಾಡು ಹೊರಗಿನಿಂದ ಬಂದಿರಬಹುದು. ಆದರೆ ಆನೆ ಕುದುರೆಗಳನ್ನೇರಿ ವೀರರನ್ನು ಅಡ್ಡಗಟ್ಟುವ ಹೆಂಗಸರು ಕನ್ನಡ ಕಾವ್ಯಲೋಕಕ್ಕೆ ಹೊಸಬರಲ್ಲ. ಅವರಿಗೆ ಬೇರೆಯೇ ಆದ ಒಂದು ನಾಡಿತ್ತು; ಆ ನಾಡಿಗೊಬ್ಬ ರಾಣಿಯೂ ಇದ್ದಳು.

ಆಕೆ ಪ್ರಮೀಲೆ. ಅವಳ ಕಥೆ ಬರುವುದು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ. ಹಾಸನದ ಸೀಮೆಗೆ ನೆರೆಯಾದ ಕಡೂರು ತಾಲ್ಲೂಕಿನ ದೇವನೂರನ್ನು ಈ ಕವಿಯ ಊರೆಂದು ಹೇಳುತ್ತಾರೆ. ವಾರ್ಧಕ ಷಟ್ಪದಿಯಲ್ಲಿ, ಮೂವತ್ತನಾಲ್ಕು ಸಂಧಿಗಳಲ್ಲಿ ಹರಿಯುವ ಈ ಕಾವ್ಯವನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದ ಮನೆಗಳು ಕನ್ನಡನಾಡಿನಲ್ಲಿ ಅಸಂಖ್ಯ. ಧರ್ಮರಾಯನ ಅಶ್ವಮೇಧದ ಕುದುರೆ ಮುಂದೆ ಮುಂದೆ ಹೋಗುತ್ತದೆ. ಅರ್ಜುನ ಅದರ ಹಿಂದೆ ಹಿಂದೆ ಹೋಗುತ್ತಾನೆ. ಕಾವ್ಯದ ದೊಡ್ಡ ಭಾಗವೆಲ್ಲ ಒಂದು ಓಟವೆಂದರೆ ತಪ್ಪಲ್ಲ. ಆ ಕುದುರೆಯೂ ಸಾಮಾನ್ಯವಾದುದಲ್ಲ. ಒಂದು ಸರೋವರವನ್ನು ಹೊಕ್ಕಾಗ ಅದು ಹೆಣ್ಣುಕುದುರೆಯಾಗುತ್ತದೆ, ಇನ್ನೊಂದನ್ನು ಹೊಕ್ಕಾಗ ಹುಲಿಯಾಗುತ್ತದೆ. ಅರ್ಜುನನು ಕೃಷ್ಣನನ್ನು ನೆನೆದ ಮೇಲೆಯೇ ಅದಕ್ಕೆ ಮೊದಲಿನ ರೂಪ. ಇಂಥ ಮೃಗವು ಓಡುತ್ತ ಓಡುತ್ತ ಸ್ತ್ರೀರಾಜ್ಯವನ್ನು ಹೊಗುತ್ತದೆ. ಅಲ್ಲಿ ಗಂಡಸರು ಬಹುದಿನ ಬಾಳಲಾರರು. ಆ ನಾಡಿನ ಹೆಂಗಸರು ಕುದುರೆಯನ್ನು ಹಿಡಿದು ಕಟ್ಟುತ್ತಾರೆ.

ಕುರುಕ್ಷೇತ್ರವನ್ನು ಗೆದ್ದ ಗಾಂಡೀವಿ ಬಂದು ಕುದುರೆಯನ್ನು ಕೇಳಿದಾಗ ಪ್ರಮೀಲೆ ಹೆದರುವುದಿಲ್ಲ. ತನ್ನನ್ನು ವರಿಸಬೇಕು, ಇಲ್ಲವೆ ಕಾದಬೇಕು ಎನ್ನುತ್ತಾಳೆ. ಯುದ್ಧದಲ್ಲಿ ಅವಳು ಅವನಿಗೆ ಸರಿಸಾಟಿಯಾಗಿಯೇ ನಿಲ್ಲುತ್ತಾಳೆ. ಕೊನೆಗೆ ಅವನು ಪ್ರಾಣ ತೆಗೆಯುವ ಬಾಣಕ್ಕೆ ಕೈಹಾಕಿದಾಗ ಅಶರೀರವಾಣಿ ತಡೆಯುತ್ತದೆ. ಹೆಣ್ಣನ್ನು ಕೊಲ್ಲುವ ಸಾಹಸ ಬೇಡ, ವಿವಾಹವೇ ಲೇಸು ಎನ್ನುತ್ತದೆ. ಅರ್ಜುನ ಒಪ್ಪುತ್ತಾನೆ. ಪ್ರಮೀಲೆ ಹಸ್ತಿನಾವತಿಗೆ ಹೊರಡುತ್ತಾಳೆ, ಕುದುರೆ ಮುಂದಿನ ನಾಡಿಗೆ ಹೊರಡುತ್ತದೆ.

ಈ ಪ್ರಸಂಗದ ಸೊಗಸೂ ಕೊರತೆಯೂ ಇಲ್ಲಿಯೇ ಇವೆ. ಹೆಣ್ಣಿನ ಶೌರ್ಯಕ್ಕೆ ಕವಿ ಜಿಪುಣತನ ತೋರಿಲ್ಲ; ಅವಳನ್ನು ಗೆಲ್ಲಿಸಲಾಗದಿದ್ದರೂ ಸೋಲಿಸಲಿಲ್ಲ. ಆದರೆ ಕಥೆ ಕುದುರೆಯ ಬೆನ್ನು ಹತ್ತಿ ಹೋಯಿತೇ ಹೊರತು ಪ್ರಮೀಲೆಯ ಬೆನ್ನು ಹತ್ತಿ ಹೋಗಲಿಲ್ಲ. ರಾಣಿಯಿಲ್ಲದ ಆ ರಾಜ್ಯ ಏನಾಯಿತು, ಆನೆಯ ಮೇಲಿಂದ ಇಳಿದ ಆ ಹೆಂಗಸರು ಮರುದಿನ ಏನು ಮಾಡಿದರು ಎಂಬುದನ್ನು ಕೇಳುವ ಹಂಗು ಕಾವ್ಯಕ್ಕಿರಲಿಲ್ಲ. ಮದುವೆಯಾದೊಡನೆ ಮೃಗವೂ ಬಿಡುಗಡೆಯಾಯಿತು, ಕವಿಯೂ ಬಿಡುಗಡೆಯಾದ.

ಪ್ರಾಚೀನ ಕವಿ ಬಿಟ್ಟುಹೋದ ಈ ಪ್ರಶ್ನೆಯನ್ನೇ ಇಂದಿನ ಅದ್ಭುತ ಕಾದಂಬರಿಗಳು ಎತ್ತಿಕೊಂಡಿವೆ. ಅಮೆರಿಕದ ಮ್ಯಾಗಿ ಸ್ಟೀಫ್‌ವಾಟರ್ 2011ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಪಿಯೋ ರೇಸಸ್’ ಎಂಬ ಕಾದಂಬರಿಯನ್ನು ನಿದರ್ಶನಕ್ಕೆ ನೋಡಬಹುದು. ಥಿಸ್ಬಿ ಎಂಬುದೊಂದು ಕಲ್ಪನೆಯ ದ್ವೀಪ. ಶರತ್ಕಾಲದಲ್ಲಿ ಅಲ್ಲಿಯ ಕಡಲಿನಿಂದ ನರಭಕ್ಷಕವಾದ ಜಲಾಶ್ವಗಳು ಮೇಲೇರಿ ಬರುತ್ತವೆ. ಗಂಡಸರು ಅವುಗಳನ್ನು ಹಿಡಿದು ಪಳಗಿಸಿ, ನವೆಂಬರ್ ತಿಂಗಳಿನಲ್ಲಿ ಕಡಲ ಮರಳಿನ ಮೇಲೆ ಪಂದ್ಯ ಓಡಿಸುತ್ತಾರೆ. ಪ್ರತಿ ವರ್ಷವೂ ಕೆಲವರು ಸಾಯುತ್ತಾರೆ. ಆ ಪಂದ್ಯಕ್ಕೆ ಇಳಿಯುವ ಮೊದಲ ಹೆಣ್ಣು ಪಕ್ ಕಾನಲಿ. ಅವಳ ತಂದೆತಾಯಿಗಳನ್ನು ಕೊಂದದ್ದು ಇವೇ ಜಲಾಶ್ವಗಳು. ಹಣ ಕಟ್ಟದಿದ್ದರೆ ಇರುವ ಮನೆಯೂ ಕೈತಪ್ಪುತ್ತದೆ. ಊರಿನ ಗಂಡಸರು ಬೇಡವೆನ್ನುತ್ತಾರೆ. ಆದರೂ ಅವಳು ಹೊರಡುತ್ತಾಳೆ. ಏರುವುದು ಮಾತ್ರ ಘೋರ ಮೃಗವನ್ನಲ್ಲ. ತನ್ನ ಮನೆಯಲ್ಲಿ ಸಾಕಿದ ಸಾಮಾನ್ಯ ಹೆಣ್ಣುಕುದುರೆಯನ್ನು.

ಈ ಕಾದಂಬರಿಯಿಂದ ತಿಳಿಯುವ ಮಾತು ಒಂದಿದೆ. ಇಂಥ ಕಥೆಯ ಬೆಲೆ ಮೃಗದ ಕೋರೆಹಲ್ಲಿನ ಉದ್ದದಲ್ಲಿಲ್ಲ. ಅದರ ಎದುರಿಗೆ ಹೋಗುವವಳಿಗೆ ಹೋಗಲೇಬೇಕಾದ ಕಾರಣವೇನು, ಅವಳು ಕಲಿತ ವಿದ್ಯೆಯೇನು, ಭಯಕ್ಕೆ ಅವಳು ತೆತ್ತ ಬೆಲೆಯೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಕಥೆ ನಿಲ್ಲುತ್ತದೆ. ಇಲ್ಲದಿದ್ದರೆ ಅದು ಜಾತ್ರೆಯ ಗೊಂಬೆಯ ಮೆರವಣಿಗೆ.

ಇಂಥ ವಿದ್ಯೆ ಹೆಣ್ಣಿಗೆ ಕಲ್ಪನೆಯಲ್ಲಿ ಮಾತ್ರ ಸಾಧ್ಯವೆನ್ನುವವರಿಗೆ ಅಸ್ಸಾಮಿನ ಪಾರ್ವತಿ ಬರುವಾ ಉತ್ತರವಾಗಿ ನಿಲ್ಲುತ್ತಾರೆ. ಗೌರೀಪುರದ ಜಮೀನುದಾರಿ ಮನೆತನದ ಪ್ರಕೃತೀಶಚಂದ್ರ ಬರುವಾ ಅವರ ಮಗಳಾದ ಆಕೆ ಆನೆ ಹಿಡಿಯುವ ವಿದ್ಯೆಯನ್ನು ತಂದೆಯಿಂದ ಕಲಿತರು. ‘ಮೇಳ ಶಿಕಾರ್’ ಎಂಬ ಆ ಕ್ರಮದಲ್ಲಿ ಪಳಗಿದ ಆನೆಯ ಮೇಲೆ ಕುಳಿತು, ಓಡುವ ಕಾಡಾನೆಯ ಪಕ್ಕಕ್ಕೆ ಆನೆಯನ್ನು ಓಡಿಸಿ, ಕೊರಳಿಗೆ ಹಗ್ಗದ ಕುಣಿಕೆ ಎಸೆಯಬೇಕು. ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆಕೆ ಮೊದಲ ಆನೆಯನ್ನು ಹಿಡಿದರು. 2024ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು. ಯಾವ ಅದ್ಭುತ ಕಾದಂಬರಿಯ ಪಂದ್ಯವೂ ಈ ಓಟಕ್ಕಿಂತ ಭಯಂಕರವಾಗಿರಲಾರದು.

ಅಸ್ಸಾಮಿನವರೆಗೆ ಹೋಗಬೇಕಾದುದೂ ಇಲ್ಲ. ಕನ್ನಡದಲ್ಲಿ ಇಂಥ ಮಹಾಕಥೆ ಹುಟ್ಟುವುದಾದರೆ ಅದಕ್ಕೆ ತಕ್ಕ ನೆಲ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರುಗಳ ಗುಡ್ಡಸಾಲು. ಹೇಮಾವತಿಯ ಇಕ್ಕೆಲದ ಕಾಫಿ ತೋಟಗಳು, ಅವುಗಳ ನಡುವೆ ಬತ್ತದ ಗದ್ದೆಗಳು, ಕೆರೆಗಳು, ಬಿಸಿಲೆಯ ಕಡೆಗೆ ದಟ್ಟವಾಗುತ್ತ ಹೋಗುವ ಕಾಡು, ಮಂಜು ಮುಸುಕಿದ ಮಂಜರಾಬಾದಿನ ಕೋಟೆ. ಈ ಸೀಮೆಯಲ್ಲಿ ಆನೆಯೆಂಬುದು ಕಥೆಯ ಪ್ರಾಣಿಯಲ್ಲ, ನೆರೆಹೊರೆ. ಹಗಲು ತೋಟದ ನೆರಳಿನಲ್ಲಿ ನಿಂತು, ರಾತ್ರಿ ಗದ್ದೆಗಿಳಿಯುವ ನೆರೆಹೊರೆ.

ಲಕ್ಷ್ಮೀಶನ ಸ್ತ್ರೀರಾಜ್ಯವೂ ಇಲ್ಲಿ ಕಣ್ಣಿಗೆ ಬೀಳುತ್ತದೆ, ಆದರೆ ಬೇರೆಯ ರೂಪದಲ್ಲಿ. ಆನೆಯ ಹಿಂಡು ಹೆಣ್ಣುಗಳದು. ಹಿರಿಯ ಹೆಣ್ಣಾನೆ ಮುಂದೆ ನಡೆಯುತ್ತದೆ. ತಂಗಿಯರು, ಮಕ್ಕಳು, ಮೊಮ್ಮಕ್ಕಳು ಹಿಂಬಾಲಿಸುತ್ತಾರೆ. ಗಂಡುಮರಿ ಪ್ರಾಯಕ್ಕೆ ಬಂದೊಡನೆ ಹಿಂಡನ್ನು ಬಿಟ್ಟು ಹೋಗಬೇಕು. ದೊಡ್ಡ ಸಲಗಗಳು ಬಂದರೂ ಅತಿಥಿಗಳಂತೆ ಬಂದು ಹೋಗುತ್ತವೆ. ಎಲ್ಲಿ ನೀರಿದೆ, ಯಾವ ದಾರಿಯಲ್ಲಿ ಅಪಾಯವಿದೆ ಎಂಬ ನೆನಪು ಆ ಹಿರಿಯಳದು. ಅರಣ್ಯ ಇಲಾಖೆಯವರು ಹಿಂಡಿನ ಚಲನವಲನ ತಿಳಿಯಲು ಹೆಣ್ಣಾನೆಯ ಕೊರಳಿಗೇ ರೇಡಿಯೋ ಕಾಲರ್ ತೊಡಿಸುತ್ತಾರೆ. ಹಿಂಡಿಗೆ ಅವಳ ಹೆಸರೇ ನಿಲ್ಲುತ್ತದೆ. ಬೀಟಮ್ಮ, ಭುವನೇಶ್ವರಿ ಎಂಬ ಹೆಸರುಗಳು ಈ ಭಾಗದ ಜನರ ಬಾಯಲ್ಲಿ ಮನೆಯವರ ಹೆಸರುಗಳಂತೆ ಓಡಾಡಿವೆ.

ಈ ರಾಜ್ಯದ ಎದುರಿಗೆ ನಿಂತವರೂ ಹೆಂಗಸರೇ. ಕಾಫಿ ಹಣ್ಣಿನ ಕೊಯ್ಲಿನ ಕಾಲದಲ್ಲಿ, ಇಬ್ಬನಿ ಇನ್ನೂ ಆರುವ ಮೊದಲೇ, ಲೈನು ಮನೆಗಳಿಂದಲೂ ಸುತ್ತಣ ಹಳ್ಳಿಗಳಿಂದಲೂ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಡುವ ಆಳುಗಳಲ್ಲಿ ಹೆಂಗಸರು ಬಹುಮಂದಿ. ಗಿಡಗಳು ಆಳೆತ್ತರ; ಹತ್ತು ಮಾರು ಆಚೆ ಆನೆ ನಿಂತಿದ್ದರೂ ಕಾಣದು. ಹಿಂಡು ಎಲ್ಲಿದೆಯೆಂಬ ಸೂಚನೆ ಮೊಬೈಲಿಗೆ ಬರುತ್ತದೆ, ರಸ್ತೆಯ ಬದಿಯ ಫಲಕಗಳಲ್ಲಿ ಮಿನುಗುತ್ತದೆ. ಮಿಕ್ಕದ್ದು ಕಣ್ಣು, ಕಿವಿ, ಮೂಗುಗಳ ಕೆಲಸ. ಮುರಿದ ಬಾಳೆ, ಬಿಸಿಯಾರದ ಲದ್ದಿ, ಹಲಸಿನ ಮರದ ಕೆಳಗೆ ಚೆಲ್ಲಿದ ತೊಳೆ, ತಟ್ಟನೆ ನಿಂತ ಹಕ್ಕಿಯ ಕೂಗು: ಇವುಗಳನ್ನು ಓದಬಲ್ಲ ವಿದ್ಯೆ ಇಲ್ಲಿಯ ಬದುಕಿಗೆ ಬೇಕಾದ ವಿದ್ಯೆ. ದಿನದ ಕೂಲಿಯನ್ನು ಬಿಡುವಂತಿಲ್ಲ. ಆನೆಯನ್ನು ಓಡಿ ಗೆಲ್ಲುವಂತೆಯೂ ಇಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನುಗ್ಗಬಲ್ಲ ಮೃಗದ ಮುಂದೆ, ಸೀರೆಯ ಮೇಲೆ ಅಂಗಿ ತೊಟ್ಟು, ಸೊಂಟಕ್ಕೆ ಚೀಲ ಕಟ್ಟಿದ ಹೆಂಗಸು ಎಷ್ಟು ದೂರ ಓಡಿಯಾಳು? ಹೋದವರೆಲ್ಲರೂ ಸಂಜೆಗೆ ಮರಳಿಲ್ಲವೆಂಬುದೂ ಈ ಗುಡ್ಡಗಳ ಚರಿತ್ರೆಯಲ್ಲಿ ಸೇರಿದೆ.

ಬಲದಿಂದ ಈ ಕಥೆಯನ್ನು ಮುಗಿಸಹೊರಟವರಿಗೂ ಅದು ಸುಲಭವಾಗಲಿಲ್ಲ. ಉಚ್ಚ ನ್ಯಾಯಾಲಯ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರ ಸೂಚನೆಯಂತೆ ಮುಂದೆ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದುವು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಸಲ 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ ಸಲಗದೊಡನೆ ಕಾದಾಡಿ ಮಡಿಯಿತು. ಅಂದು ನಾಡೆಲ್ಲ ಕಣ್ಣೀರಿಟ್ಟಿತು. ಕಾವ್ಯದ ಅರ್ಜುನನನ್ನು ತಡೆಯಲು ಅಶರೀರವಾಣಿಯಾದರೂ ಇತ್ತು. ಈ ಅರ್ಜುನನಿಗೆ ಅದೂ ಇರಲಿಲ್ಲ.

ಇಷ್ಟೆಲ್ಲ ಸಾಮಗ್ರಿಯಿದ್ದರೂ ಇದಕ್ಕೆ ತಕ್ಕ ಮಹಾಕಾದಂಬರಿ ಇನ್ನೂ ಬರಬೇಕಾಗಿದೆ. ಅದ್ಭುತಕ್ಕಾಗಿ ದೂರ ಹೋಗಬೇಕಿಲ್ಲವೆಂಬುದನ್ನು ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ 1980ರ ‘ಕರ್ವಾಲೊ’ದಲ್ಲಿ ತೋರಿಸಿಕೊಟ್ಟರು; ಹಾರುವ ಓತಿಯೊಂದೇ ಅವರಿಗೆ ಸಾಕಾಯಿತು. ಮುಂದೆ ಬರುವ ಲೇಖಕನೋ ಲೇಖಕಿಯೋ ಆನೆಗೆ ರೆಕ್ಕೆ ಹಚ್ಚಲಿ, ಹತ್ತು ದಂತಗಳನ್ನೇ ಕೊಡಲಿ, ಗುಡ್ಡದಿಂದ ಗುಡ್ಡಕ್ಕೆ ಹೆಂಗಸರು ಅವುಗಳನ್ನೇರಿ ಓಡಲಿ. ಯಾರ ಆಕ್ಷೇಪವೂ ಇರಲಾರದು. ಆದರೆ ಏರಿದವಳ ಅಂಗೈಯಲ್ಲಿ ಕಾಫಿ ಹಣ್ಣಿನ ಅಂಟು ಇರಬೇಕು. ಲದ್ದಿಯನ್ನು ನೋಡಿ ಹೊತ್ತು ಹೇಳುವ ಬುದ್ಧಿ ಇರಬೇಕು. ಮೃಗಕ್ಕೂ ತಾಯ್ತನವಿದೆ, ನೆನಪಿದೆ, ಕಳೆದುಕೊಂಡ ದಾರಿಯಿದೆ ಎಂಬುದು ಅವಳಿಗೆ ತಿಳಿದಿರಬೇಕು. ಓಟ ಮುಗಿದ ಮೇಲೆ ಅವಳು ಯಾರ ಅಂತಃಪುರಕ್ಕೂ ಹೋಗದೆ, ತನ್ನ ಊರಿನಲ್ಲಿಯೇ ಉಳಿದು ಮರುದಿನದ ಮಾತನ್ನು ತಾನೇ ಹೇಳಬೇಕು.

ಲಕ್ಷ್ಮೀಶ ಕುದುರೆಯನ್ನು ಸ್ತ್ರೀರಾಜ್ಯದವರೆಗೆ ತಂದು ಬಿಟ್ಟಿದ್ದಾನೆ. ಮುಂದಿನ ಸಂಧಿಯನ್ನು ಬರೆಯಬೇಕಾದವರು ಇಂದಿನವರು.