ಬರವಣಿಗೆಯೂ ವ್ಯಾಪಾರದ ಬಂಡವಾಳವೇ: ಅಂತರ್ಜಾಲ ಶಿಕ್ಷಣವನ್ನು ಆರಿಸಿಕೊಳ್ಳುವುದು ಹೇಗೆ?

ಬಾಯಿ ಇದ್ದವನು ಬರಗಾಲದಲ್ಲಿಯೂ ಬದುಕಿದ ಎಂಬ ಗಾದೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ಇಲ್ಲಿನ ಶೇಂಗಾ ವ್ಯಾಪಾರ, ಎಣ್ಣೆ ಗಿರಣಿ, ಕಂಬಳಿ ಮತ್ತು ರೇಷ್ಮೆ ಸೀರೆಯ ವಹಿವಾಟು ನಿಂತದ್ದು ಬಹುಮಟ್ಟಿಗೆ ಬಾಯಿಮಾತಿನ ನಂಬಿಕೆಯ ಮೇಲೆ. ಆಂಧ್ರದ ಗಡಿಗೆ ಹೊಂದಿಕೊಂಡ ಪರಶುರಾಂಪುರ ಹೋಬಳಿಯ ವರ್ತಕನು ಊರಿನವರೊಡನೆ ಕನ್ನಡದಲ್ಲಿಯೂ, ಕಲ್ಯಾಣದುರ್ಗದ ಕಡೆಯ ಗಿರಾಕಿಯೊಡನೆ ತೆಲುಗಿನಲ್ಲಿಯೂ ದರ ಕುದುರಿಸಬಲ್ಲನು. ಆದರೆ ಅದೇ ವರ್ತಕನಿಗೆ ಒಂದು ನೋಟಿಸು ಬಂದಾಗ, ಇಲ್ಲವೇ ಗಡಿಯಾಚೆಯ ಬಾಕಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಬೇಕಾದಾಗ ಕೈ ಓಡುವುದಿಲ್ಲ. ನಾಳೆ ನೋಡಿದರಾಯಿತು ಎಂದು ಕಾಗದ ಪಕ್ಕಕ್ಕೆ ಸರಿಯುತ್ತದೆ. ಆ ನಾಳೆಯ ಬೆಲೆ ಎಷ್ಟೆಂಬುದು ಮುಂದೆ ತಿಳಿಯುತ್ತದೆ.

ಈ ಕೊರತೆಯನ್ನು ಅರಿತ ಕೆಲವು ಯುವ ಉದ್ಯಮಿಗಳು ಬರವಣಿಗೆ ಕಲಿಸುವ ಅಂತರ್ಜಾಲ ಕೋರ್ಸುಗಳನ್ನು ಹುಡುಕುತ್ತಿದ್ದಾರೆ. ಇದು ಸ್ವಾಗತಾರ್ಹ. ಆದರೆ ಯಾವ ಬರವಣಿಗೆ ಬೇಕು, ಯಾವ ಕೋರ್ಸಿನಿಂದ ಅದು ಬರುತ್ತದೆ ಎಂಬ ವಿಚಾರ ಮಾಡದೆ ಹಣ ಕಟ್ಟಿದರೆ ಕೈಗೆ ಪ್ರಮಾಣಪತ್ರ ಬಂದೀತು, ಪತ್ರ ಬರೆಯುವ ಶಕ್ತಿ ಬಾರದು.

ಬರೆದದ್ದಕ್ಕೇ ಬೆಲೆ

ಹಿಂದೆ ಅಧಿಕಾರಿಯ ಎದುರಿಗೆ ಲೆಕ್ಕದ ಪುಸ್ತಕ ಹಿಡಿದು ನಿಂತು ವಿವರಿಸಿದರೆ ಅನೇಕ ಸಂದೇಹಗಳು ಅಲ್ಲಿಯೇ ಪರಿಹಾರವಾಗುತ್ತಿದ್ದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ನೋಟಿಸು ಮತ್ತು ಉತ್ತರಗಳು ಜಾಲತಾಣದ ಮೂಲಕವೇ ಸಾಗುತ್ತಿವೆ. ಆದಾಯ ತೆರಿಗೆಯಲ್ಲಿ 2019ರಲ್ಲಿ ಆರಂಭವಾದ ಮುಖರಹಿತ ಪರಿಶೀಲನೆಯಲ್ಲಿ ಅಧಿಕಾರಿ ಯಾರು, ಯಾವ ಊರಿನವರು ಎಂಬುದೇ ತೆರಿಗೆದಾರನಿಗೆ ತಿಳಿಯದು. ಅಧಿಕಾರಿಯ ಕಣ್ಣಿಗೆ ಬೀಳುವುದು ಬರೆದ ಉತ್ತರ ಮತ್ತು ಅದಕ್ಕೆ ಲಗತ್ತಿಸಿದ ದಾಖಲೆ ಮಾತ್ರ.

ಕಾಲಾವಕಾಶವೂ ಕಡಿಮೆ. ಜಿಎಸ್‌ಟಿ ರಿಟರ್ನುಗಳ ವ್ಯತ್ಯಾಸದ ಬಗ್ಗೆ ಎಎಸ್‌ಎಂಟಿ-10 ನಮೂನೆಯಲ್ಲಿ ನೋಟಿಸು ಬಂದರೆ ಸಾಮಾನ್ಯವಾಗಿ 30 ದಿನಗಳೊಳಗೆ ವಿವರಣೆ ನೀಡಬೇಕು. ನೋಂದಣಿಯನ್ನು ಏಕೆ ರದ್ದುಪಡಿಸಬಾರದೆಂದು ಕೇಳುವ ಆರ್‌ಇಜಿ-17 ನೋಟಿಸಿಗೆ ಉತ್ತರಿಸಲು ಇರುವುದು ಕೇವಲ 7 ಕೆಲಸದ ದಿನಗಳು. ನೋಂದಣಿ ರದ್ದಾದರೆ ತೆರಿಗೆ ಬಿಲ್ಲು ಹಾಕುವಂತಿಲ್ಲ. ದೊಡ್ಡ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ.

ಬಾಕಿ ವಸೂಲಿಯ ವಿಷಯದಲ್ಲಂತೂ ಕಾನೂನು ಬರವಣಿಗೆಯ ಪರವಾಗಿಯೇ ನಿಂತಿದೆ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಅಥವಾ ಸಣ್ಣ ಎಣ್ಣೆ ಗಿರಣಿಯವನು ಸರಕು ಕಳಿಸಿದ ಮೇಲೆ, ಲಿಖಿತ ಒಪ್ಪಂದವಿದ್ದರೆ ಅದರಂತೆ, ಆದರೆ 45 ದಿನಗಳಿಗೆ ಮೀರದಂತೆ ಹಣ ಬರಬೇಕು. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರಕಿನ ಗುಣಮಟ್ಟ ಸರಿಯಿಲ್ಲವೆಂದು ಖರೀದಿದಾರನು ಆಕ್ಷೇಪಿಸುವುದಿದ್ದರೆ ಸರಕು ತಲುಪಿದ 15 ದಿನಗಳೊಳಗೆ ಬರವಣಿಗೆಯಲ್ಲಿಯೇ ಆಕ್ಷೇಪಿಸಬೇಕು. ಎರಡು ತಿಂಗಳ ಮೇಲೆ ದೂರವಾಣಿಯಲ್ಲಿ ತೆಗೆಯುವ ತಕರಾರು ಈ ಕಾಯ್ದೆಯ ಪ್ರಕಾರ ಆಕ್ಷೇಪವೆನಿಸದು. ಆದರೆ ಇದನ್ನು ಎತ್ತಿ ತೋರಿಸಿ ಪತ್ರ ಬರೆಯಬೇಕಾದವನು ಗಿರಣಿಯವನೇ. ಕೇವಲ ಕೊಂಡು ಮಾರುವ ವರ್ತಕರಿಗೂ 2021ರಿಂದ ಉದ್ಯಮ್ ನೋಂದಣಿ ದೊರೆಯುತ್ತಿದೆಯಾದರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಗಿದೆ ಎಂಬುದನ್ನು ಮರೆಯಬಾರದು.

ವರ್ತಕರ ರಕ್ಷಣೆಗೆ ಇರುವುದು 1963ರ ಕಾಲಮಿತಿ ಕಾಯ್ದೆ. ಉದ್ರಿ ಮಾರಾಟದ ಬಾಕಿಗೆ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದೆ. ಆ ಅವಧಿ ಮುಗಿಯುವ ಮುನ್ನ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ, ಕಾಯ್ದೆಯ 18ನೇ ಕಲಮಿನಂತೆ ಅಂದಿನಿಂದ ಹೊಸದಾಗಿ ಅವಧಿ ಆರಂಭವಾಗುತ್ತದೆ. ಪ್ರತಿ ಮಾರ್ಚಿಯ ಕೊನೆಗೆ ಒಂದು ಬಾಕಿ ದೃಢೀಕರಣ ಪತ್ರ ಕಳಿಸಿ ಸಹಿ ಪಡೆದಿಟ್ಟುಕೊಳ್ಳುವ ಅಭ್ಯಾಸ ಎಷ್ಟು ಅಂಗಡಿಗಳಲ್ಲಿದೆ? "ಕೊಡುತ್ತೇನೆ ಬಿಡಿ ಸಾಹುಕಾರ್ರೇ" ಎಂಬ ಭರವಸೆಯಲ್ಲಿ ಮೂರು ವರ್ಷ ಕಳೆದರೆ ನ್ಯಾಯಾಲಯದ ಬಾಗಿಲು ಮುಚ್ಚಿದಂತೆಯೇ.

ಬರೆದರಷ್ಟೇ ಸಾಲದು, ಸರಿಯಾಗಿಯೂ ಬರೆಯಬೇಕು. ಚೆಕ್ಕು ತಿರಸ್ಕೃತವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ನೀಡಬೇಕೆಂಬುದು ಅನೇಕರಿಗೆ ಗೊತ್ತು. ಆ ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಕೇಳಿರಬೇಕು. ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಚೆಕ್ಕು 1 ಕೋಟಿ ರೂಪಾಯಿಯದು, ನೋಟಿಸಿನಲ್ಲಿ ಬರೆದದ್ದು 2 ಕೋಟಿ. ಅದು ಬೆರಳಚ್ಚಿನ ತಪ್ಪೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಒಪ್ಪಲಿಲ್ಲ, ನೋಟಿಸೇ ಅಸಿಂಧುವಾಯಿತು. ಕಳಿಸುವ ಮುನ್ನ ಮತ್ತೊಮ್ಮೆ ಓದುವುದೂ ಬರವಣಿಗೆಯ ಭಾಗವೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಪರರ ಕೈಗೆ ಒಪ್ಪಿಸಿದರೆ ಸಾಕೆ?

ಇದಕ್ಕೆಲ್ಲ ಲೆಕ್ಕ ಪರಿಶೋಧಕರು, ವಕೀಲರು ಇದ್ದಾರಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ಪರಿಶೋಧಕರು ಕಲಮುಗಳನ್ನು ಬರೆದುಕೊಡಬಲ್ಲರು. ನಡೆದ ಸಂಗತಿಯನ್ನು ಅವರು ಬರೆಯಲಾರರು. ಯಾವ ಲಾರಿಯಲ್ಲಿ ಸರಕು ಹೋಯಿತು, ಎಷ್ಟು ಡಬ್ಬ ವಾಪಸು ಬಂತು, ಆ ತಿಂಗಳ ಮಾರಾಟ ಏಕೆ ಇಳಿಯಿತು ಎಂಬುದನ್ನು ಬಲ್ಲವನು ಅಂಗಡಿಯ ಯಜಮಾನನೇ. ಅವನು ಹತ್ತು ಸಾಲಿನ ಸ್ಪಷ್ಟ ಟಿಪ್ಪಣಿ ಕೊಟ್ಟರೆ ಉತ್ತರ ಬಲವಾಗುತ್ತದೆ. "ನೀವೇ ಏನಾದರೂ ಬರೆದು ಕಳಿಸಿಬಿಡಿ" ಎಂದರೆ ಆ 'ಏನಾದರೂ' ಎಂಬುದೇ ಕಡತ ಸೇರುತ್ತದೆ.

ಈಗ ಚಾಟ್‌ಜಿಪಿಟಿಯಂಥ ಯಂತ್ರಗಳು ಕ್ಷಣದಲ್ಲಿ ಪತ್ರ ಬರೆದುಕೊಡುತ್ತವೆ. ವಾಕ್ಯ ತಿದ್ದಲು, ಇಂಗ್ಲಿಷಿನ ಅಂಜಿಕೆ ಬಿಡಿಸಲು ಅವು ಉಪಯುಕ್ತವೇ ಸರಿ. ಆದರೆ ಯಂತ್ರಕ್ಕೆ ಬಿಲ್ಲಿನ ಸಂಖ್ಯೆ ತಿಳಿಯದು. ಇಲ್ಲದ ಕಲಮನ್ನೂ, ನಡೆಯದ ತೀರ್ಪನ್ನೂ ಅದು ಇದ್ದಂತೆ ಬರೆದುಬಿಡುವುದುಂಟು. ಕೆಳಗೆ ಸಹಿ ಹಾಕುವವನು ವರ್ತಕ, ಹೊಣೆಯೂ ಅವನದೇ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ಓದಿ ತಿಳಿಯಲಾದರೂ ಬರವಣಿಗೆಯ ಅರಿವು ಬೇಕು.

ಅಂತರ್ಜಾಲದಲ್ಲಿ ದೊರೆಯುವುದೇನು?

ಮೊದಲು ಹಣ ಕೊಡದೆ ದೊರೆಯುವವನ್ನು ನೋಡುವುದು ವ್ಯಾಪಾರಿ ಧರ್ಮ. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣ 2017ರ ಜುಲೈ 9ರಂದು ಆರಂಭವಾಯಿತು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳೂ ಅದರಲ್ಲಿಯೇ ಸಿಗುತ್ತವೆ. ಆ ವಿಜ್ಞಾನ ಸಂಸ್ಥೆಯ ಒಂದು ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿಯೇ ಇದೆ. ಐಐಟಿ ರೂರ್ಕಿಯ ಪ್ರಾಧ್ಯಾಪಕ ಬಿನೋದ್ ಮಿಶ್ರಾ ಅವರ 'ಎಫೆಕ್ಟಿವ್ ರೈಟಿಂಗ್' ಪಾಠಮಾಲೆ ಇಂಗ್ಲಿಷ್ ಬರವಣಿಗೆಯ ಅಡಿಪಾಯಕ್ಕೆ ಒಳ್ಳೆಯದು. ಇಲ್ಲಿ ಕಲಿಕೆಗೆ ಶುಲ್ಕವಿಲ್ಲ. ಪ್ರಮಾಣಪತ್ರ ಬಯಸುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಬ್ರಿಟಿಷ್ ಕೌನ್ಸಿಲ್‌ನ 'ಲರ್ನ್ ಇಂಗ್ಲಿಷ್' ತಾಣದಲ್ಲಿ ಇ-ಮೇಲ್ ಬರೆಯುವ ಪಾಠಗಳು ಉಚಿತವಾಗಿವೆ. 2012ರಲ್ಲಿ ಆರಂಭವಾದ ಕೋರ್ಸೆರಾ ಮತ್ತು ಎಡೆಕ್ಸ್ ತಾಣಗಳಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ವ್ಯವಹಾರ ಬರವಣಿಗೆಯ ಕೋರ್ಸುಗಳಿವೆ. ಅಲ್ಲಿ ಶುಲ್ಕದ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು.

ಇವೆಲ್ಲವುಗಳಲ್ಲಿ ಒಂದು ಮಿತಿಯಿದೆ. ಸಾವಿರಾರು ಮಂದಿ ಕಲಿಯುವ ತರಗತಿಯಲ್ಲಿ ಅಭ್ಯಾಸದ ಪ್ರಶ್ನೆಗಳು ಬಹುಪಾಲು ಸರಿಯುತ್ತರಕ್ಕೆ ಗುರುತು ಹಾಕುವ ಬಗೆಯವು. ಯಂತ್ರವೇ ಅಂಕ ಕೊಡುತ್ತದೆ. ಈಜುವ ವಿಧಾನದ ಪ್ರಶ್ನೆಗಳಿಗೆ ಗುರುತು ಹಾಕಿದವನು ನೀರಿಗಿಳಿದಂತಾಗಲಿಲ್ಲ. ವರ್ತಕನು ಬರೆದ ಪತ್ರವನ್ನು ಓದಿ, ಇಲ್ಲಿ ದಿನಾಂಕ ಬಿಟ್ಟಿದೆ, ಇಲ್ಲಿ ಬೇಡಿಕೆ ಸ್ಪಷ್ಟವಿಲ್ಲ ಎಂದು ತೋರಿಸುವ ಕಣ್ಣು ಬೇಕು. ಆದ್ದರಿಂದ ಹಣ ಕೊಟ್ಟು ಸೇರುವ ಮುನ್ನ ನಾಲ್ಕು ವಿಷಯಗಳನ್ನು ವಿಚಾರಿಸಬೇಕು. ಕಲಿಯುವವನು ವಾರಕ್ಕೆ ಒಂದಾದರೂ ಪತ್ರ ಬರೆಯಬೇಕೇ? ಅದನ್ನು ಮನುಷ್ಯರೊಬ್ಬರು ಓದಿ ತಿದ್ದುತ್ತಾರೆಯೇ? ಬಾಕಿ ಕೇಳುವ, ದೂರಿಗೆ ಉತ್ತರಿಸುವ, ದರ ತಿಳಿಸುವ ಪತ್ರಗಳು ಪಾಠದಲ್ಲಿವೆಯೇ? ಬಿಟ್ಟುಬಿಟ್ಟರೆ ಹಣ ವಾಪಸು ಬರುವ ನಿಯಮವೇನು? ಮೊದಲ ಎರಡಕ್ಕೆ ಇಲ್ಲವೆಂಬ ಉತ್ತರ ಬಂದರೆ ಅಂಥ ಕೋರ್ಸಿಗೆ ಹಣ ಕೊಡುವುದಕ್ಕಿಂತ ಉಚಿತ ಪಾಠ ಕೇಳುವುದೇ ಲೇಸು.

ಕಲಿಯಬೇಕಾದದ್ದು ಅಲಂಕಾರವಲ್ಲ

ಹಿಂದಿನ ತಲೆಮಾರು 'ಉಭಯ ಕುಶಲೋಪರಿ ಸಾಂಪ್ರತ' ಎಂದು ಆರಂಭಿಸಿ, ಕಾರ್ಡಿನಷ್ಟು ಜಾಗದಲ್ಲಿ ದರ, ತೂಕ, ಬಾಕಿ ಎಲ್ಲವನ್ನೂ ಬರೆಯುತ್ತಿತ್ತು. ಆ ಅಚ್ಚುಕಟ್ಟು ಇಂದಿನ ವಾಟ್ಸಾಪ್ ಸಂದೇಶಗಳಲ್ಲಿ ಕಾಣದು. "ನಿಮ್ಮ ಬಾಕಿ ಬಹಳ ದಿನದಿಂದ ಇದೆ, ಎಷ್ಟು ಸಾರಿ ಹೇಳಿದರೂ ಗಮನ ಕೊಡುತ್ತಿಲ್ಲ, ಕೂಡಲೇ ಕಳಿಸುವುದು" ಎಂಬ ಪತ್ರದಲ್ಲಿ ಸಿಟ್ಟಿದೆ, ಲೆಕ್ಕವಿಲ್ಲ. ಅದನ್ನೇ ಹೀಗೆ ಬರೆಯಬಹುದು: "ತಾ. 5ರಂದು ಬಿಲ್ಲು ಸಂಖ್ಯೆ 112ರ ಮೇರೆಗೆ 40 ಡಬ್ಬ ಶೇಂಗಾ ಎಣ್ಣೆ ತಮಗೆ ತಲುಪಿದೆ. ಬಿಲ್ಲಿನ ಮೊತ್ತ ರೂ. 96,000, ಬಂದದ್ದು ರೂ. 30,000. ಉಳಿದ ರೂ. 66,000ನ್ನು ಈ ತಿಂಗಳ 25ರೊಳಗೆ ಪಾವತಿಸಬೇಕಾಗಿ ವಿನಂತಿ. ಲೆಕ್ಕದಲ್ಲಿ ವ್ಯತ್ಯಾಸವಿದ್ದಲ್ಲಿ ಅದೇ ದಿನಾಂಕದೊಳಗೆ ಬರೆದು ತಿಳಿಸಬೇಕು." ಇದರಲ್ಲಿ ಒಂದೂ ಕಠಿಣ ಪದವಿಲ್ಲ, ಗಿರಾಕಿಯ ಮನಸ್ಸು ನೋಯುವ ಮಾತಿಲ್ಲ. ಆದರೆ ನಾಳೆ ಇದೇ ಪತ್ರ ಸಾಕ್ಷಿಯಾಗಿ ನಿಲ್ಲಬಲ್ಲದು.

ಇಂಗ್ಲಿಷ್ ಒಂದನ್ನೇ ಬರವಣಿಗೆಯೆಂದು ತಿಳಿಯುವುದೂ ತಪ್ಪು. ಗಡಿಯಾಚೆಯ ಕಂಪನಿಗೆ, ತೆರಿಗೆ ಜಾಲತಾಣಕ್ಕೆ ಇಂಗ್ಲಿಷ್ ಬೇಕು. ಗ್ರಾಮ ಪಂಚಾಯಿತಿ, ತಾಲ್ಲೂಕು ಕಚೇರಿ, ಬೆಸ್ಕಾಂ, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ ಕನ್ನಡವೇ ಸಾಕು ಮತ್ತು ಅದೇ ಸರಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಿಂದ ನಡೆಸುತ್ತಿರುವ 'ಭಾರತವಾಣಿ' ತಾಣದಲ್ಲಿ ಕನ್ನಡ ನಿಘಂಟುಗಳು ಉಚಿತವಾಗಿ ದೊರೆಯುತ್ತವೆ. ಆದರೆ ಇಂಗ್ಲಿಷ್ ವ್ಯವಹಾರ ಪತ್ರಕ್ಕೆ ದೊರೆಯುವಷ್ಟು ಪಾಠಗಳು ಕನ್ನಡ ವ್ಯವಹಾರ ಪತ್ರಕ್ಕೆ ದೊರೆಯುವುದಿಲ್ಲ. ಈ ಕೊರತೆಯನ್ನು ಹೊರಗಿನವರು ಬಂದು ತುಂಬುವರೆಂದು ಕಾಯುವುದು ವ್ಯರ್ಥ.

ವಾಣಿಜ್ಯ ಸಂಸ್ಥೆಗಳ ಹೊಣೆ

ಇಲ್ಲಿ ವಾಣಿಜ್ಯ ಸಂಸ್ಥೆಗಳು ಮುಂದೆ ಬರಬೇಕು. ಐದಾರು ಸದಸ್ಯರು ಒಂದು ಗುಂಪಾಗಿ ಸ್ವಯಂ ತಾಣದ ಒಂದೇ ಕೋರ್ಸಿಗೆ ಸೇರಿ, ವಾರಕ್ಕೊಮ್ಮೆ ಒಬ್ಬರ ಪತ್ರವನ್ನು ಮತ್ತೊಬ್ಬರು ಓದಿ ತಿದ್ದುವ ಏರ್ಪಾಡು ಮಾಡಿಕೊಂಡರೆ ಆ ಕೋರ್ಸಿನ ದೊಡ್ಡ ಕೊರತೆ ನೀಗುತ್ತದೆ. ಇದರೊಡನೆ ಸಂಸ್ಥೆಯೇ ಆರು ವಾರಗಳ ಒಂದು ಕನ್ನಡ ಪತ್ರ ವ್ಯವಹಾರ ಶಿಬಿರವನ್ನು ಮೊಬೈಲಿನಲ್ಲಿ ನೋಡಬಹುದಾದಂತೆ ನಡೆಸಬಹುದು. ಊರಿನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು, ಒಬ್ಬ ವಕೀಲರು, ಒಬ್ಬ ಲೆಕ್ಕ ಪರಿಶೋಧಕರು ಇದ್ದರೆ ಸಾಕು. ಹೆಸರು ಮರೆಮಾಡಿದ ನಿಜವಾದ ಪತ್ರಗಳೇ ಪಾಠವಾಗಲಿ. ಬಾಕಿ ದೃಢೀಕರಣ, ಗುಣಮಟ್ಟದ ತಕರಾರಿಗೆ ಉತ್ತರ, ಬ್ಯಾಂಕಿಗೆ ಮನವಿ, ನೋಟಿಸಿಗೆ ಕಾಲಾವಕಾಶ ಕೋರುವ ಪತ್ರ ಇವುಗಳ ಮಾದರಿಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಸಿದ್ಧಪಡಿಸಿ ಹಂಚಿದರೆ ಪರಶುರಾಂಪುರದ ಚಿಕ್ಕ ಅಂಗಡಿಗೂ ಅದು ತಲುಪುತ್ತದೆ. ಇದಕ್ಕೆ ತಗಲುವ ಖರ್ಚು ಒಂದು ವಾರ್ಷಿಕ ಸಮಾರಂಭದ ಖರ್ಚಿಗಿಂತ ಹೆಚ್ಚಾಗಲಾರದು.

ಎಣ್ಣೆ ನಗರವೆಂದು ಹೆಸರಾದ ಚಳ್ಳಕೆರೆಯ ಸುತ್ತಿನ ವರ್ತಕರಿಗೆ ಲೆಕ್ಕದಲ್ಲಿ ಯಾರೂ ಪಾಠ ಹೇಳಬೇಕಾದುದಿಲ್ಲ. ಆ ಲೆಕ್ಕವನ್ನು ನಾಲ್ಕು ಸ್ಪಷ್ಟ ವಾಕ್ಯಗಳಲ್ಲಿ ಕಾಗದಕ್ಕಿಳಿಸುವುದಷ್ಟೇ ಉಳಿದಿರುವ ಕೆಲಸ. ಕೋರ್ಸಿಗೆ ಸೇರುವ ಮುನ್ನವೇ ಇದನ್ನು ಆರಂಭಿಸಬಹುದು: ಉದ್ರಿ ಖಾತೆಯನ್ನು ತೆರೆದು, ಎರಡು ವರ್ಷ ದಾಟಿದ ಬಾಕಿ ಯಾವುದೆಂದು ಗುರುತಿಸಿ, ಆ ಗಿರಾಕಿಗೆ ಈ ವಾರವೇ ಒಂದು ದೃಢೀಕರಣ ಪತ್ರ ಬರೆಯುವುದು. ಅದೇ ಮೊದಲ ಪಾಠ.